ನಾನು ಪುತ್ತೂರಿನ ಡಾಕ್ಟರ ಹೊಟ್ಟೆಯಾಗಿದ್ದಾಗ

ನೀವು ಇದನ್ನು ನಂಬುವುದಿಲ್ಲ. ಅಡ್ಡಿಯಿಲ್ಲ, ಆದರೆ ಪೂರ್ತಿ ಓದಿ ಮುಗಿಸಿದ ಮೇಲೆ ನಂಬದಿರಿ. ನನಗೆ ಈಗ ಹದಿನೇಳು ವರ್ಷ, ಮತ್ತು ನಾನು ನಿವೃತ್ತ. ಮೀಸೆ ಸರಿಯಾಗಿ ಮೂಡುವ ಮೊದಲೇ ನಿವೃತ್ತನಾದ ಇನ್ನೊಬ್ಬನನ್ನು ನೀವು ಪುತ್ತೂರಿನಿಂದ ಸುಳ್ಯಕ್ಕೆ, ಸುಳ್ಯದಿಂದ ಕಡಬಕ್ಕೆ ನಡೆದು ಹುಡುಕಿದರೂ ಕಾಣಲಾರಿರಿ. ಏನು ಕೆಲಸದಲ್ಲಿದ್ದೆ ಎಂದು ಕೇಳುತ್ತೀರಿ. ಹೊಟ್ಟೆ. ಲೋಕದವರೆಲ್ಲ ಹೊಟ್ಟೆಗಾಗಿ ಕೆಲಸ ಮಾಡಿದರು. ನನ್ನ ಹೊಟ್ಟೆ ಮಾತ್ರ ತಾನೇ ಎದ್ದು ಕೆಲಸಕ್ಕೆ ಹೋಯಿತು, ನಾನು ಅದರ ಹಿಂದೆ ಹೋದೆ.

ಮುಂದೆ ಈ ಕೆಲಸಕ್ಕೆ ಸೇರುವ ಕಿರಿಯರು ಇದ್ದೇ ಇರುತ್ತಾರೆ. ಅವರಿಗೆ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ. ನನಗೆ ಸಿಕ್ಕ ಮಾನಸನ್ಮಾನಗಳ ವಿಷಯ ಎತ್ತುವುದಿಲ್ಲ. ಒಮ್ಮೆ ಹಾರ ಹಾಕಿದ್ದರು, ಅದನ್ನು ಬಸ್ಸು ಕಾಯುವಾಗ ದನ ತಿಂದಿತು. ಅಲ್ಲಿಗೆ ಆ ಅಧ್ಯಾಯ ಮುಗಿಯಿತು.

ಮೊದಲು ಅದು ಎಂಥ ಹೊಟ್ಟೆ ಎಂದು ಹೇಳಬೇಕು. ನನ್ನ ಹೆಸರು ಕುಶಾಲ. ಅಪ್ಪ ಬೆಳ್ಯಪ್ಪ ಮರ ಕೊಯ್ಯುವವರು. ಕಡಬದ ಸುತ್ತ ಯಾರ ಮನೆಗೆ ಹಲಗೆ ಬೇಕಾದರೂ ಅಪ್ಪನ ಗರಗಸವೇ ಬರಬೇಕು. ಮರದ ದಿಮ್ಮಿಯನ್ನು ಎತ್ತರದ ಅಡ್ಡೆಯ ಮೇಲೆ ಏರಿಸಿ, ಆಳುದ್ದದ ಗರಗಸವನ್ನು ಮೇಲೊಬ್ಬ ಕೆಳಗೊಬ್ಬ ಹಿಡಿದು ಎಳೆಯುವುದು. ಮೇಲೆ ಅಪ್ಪ, ಕೆಳಗೆ ನಾನು. ಮೇಲಿನವನಿಗೆ ಗಾಳಿ, ಬೆಳಕು, ಗೌರವ. ಕೆಳಗಿನವನಿಗೆ ಮರದ ಹುಡಿ. ಎಂಟನೇ ಕ್ಲಾಸು ಬಿಟ್ಟಂದಿನಿಂದ ನಾನು ತಿಂದ ಅನ್ನಕ್ಕಿಂತ ತಿಂದ ಹುಡಿಯೇ ಹೆಚ್ಚು. ಆದರೆ ಕೆಳಗೆ ನಿಂತು ಗರಗಸವನ್ನು ಜಗ್ಗಿ ಜಗ್ಗಿ ನನ್ನ ಹೊಟ್ಟೆ ಬೇರೆಯದೇ ಆಗಿಬಿಟ್ಟಿತ್ತು. ಅದರ ಮೇಲೆ ಬಟ್ಟೆ ಒಗೆಯಬಹುದಿತ್ತು. ತೋಡಿನಲ್ಲಿ ಸ್ನಾನ ಮಾಡುವಾಗ ಮೀನುಗಳು ನಿಂತು ನೋಡುತ್ತಿದ್ದವು.

ಅದೇ ತೋಡಿನಲ್ಲಿ ನಾನು ಇನ್ನೊಂದನ್ನೂ ನೋಡಿದ್ದೆ. ಅಪ್ಪ ಸೊಂಟಕ್ಕೆ ಸದಾ ಬೈರಾಸು, ಅಂದರೆ ಒರಟು ಟವಲು, ಬಿಗಿದುಕೊಂಡಿರುತ್ತಿದ್ದರು. ಅದರೊಳಗೆ ಬಲಗಡೆ, ತೊಡೆಯ ಸಂದಿನ ಮೇಲೆ, ಏನೋ ಉಬ್ಬಿಕೊಂಡಿರುತ್ತಿತ್ತು. ಎಲೆಯಡಿಕೆಯ ಚೀಲ ಎಂದು ಊರಿಗೆಲ್ಲ ನಂಬಿಕೆ. ಅದು ಎಲೆಯಡಿಕೆಯಲ್ಲ, ಗೆರಟೆ. ತೆಂಗಿನಕಾಯಿಯ ಗಟ್ಟಿ ಚಿಪ್ಪನ್ನು ಅಂಗೈಯಗಲಕ್ಕೆ ಕೆತ್ತಿ, ಅಂಚನ್ನು ನುಣುಪಾಗಿ ಅರದಿಂದ ಉಜ್ಜಿ, ಅಲ್ಲಿಗೆ ಒತ್ತಿ ಕಟ್ಟಿಕೊಳ್ಳುತ್ತಿದ್ದರು. ಗೆರಟೆ ತೆಗೆದು ಕೆಮ್ಮಿದರೆ ಅಲ್ಲಿ ಒಂದು ಉಂಡೆ ಹೊರಗೆ ಬರುತ್ತಿತ್ತು, ಅಪ್ಪ ಮಲಗಿ ಅದನ್ನು ಬೆರಳಿನಿಂದ ಒಳಗೆ ದೂಡುತ್ತಿದ್ದರು. ದಿಮ್ಮಿ ಎತ್ತುವವರಲ್ಲಿ ಹಲವರಿಗೆ ಅದು ಇತ್ತು. ಯಾರೂ ಬಾಯಿ ಬಿಡುತ್ತಿರಲಿಲ್ಲ. ಗೆರಟೆ ಮಾತ್ರ ಚೆನ್ನಾಗಿ ಕೆತ್ತುತ್ತಿದ್ದರು. ನಾನು ನೋಡಿದ್ದು ಅಪ್ಪನಿಗೆ ಗೊತ್ತು. ನೋಡಿಲ್ಲ ಎಂದು ಇಬ್ಬರೂ ಒಪ್ಪಿಕೊಂಡಿದ್ದೆವು.

ಹೀಗಿರುವಾಗ ಒಂದು ದಿನ ಪುತ್ತೂರಿನಿಂದ ಒಬ್ಬ ಡಾಕ್ಟರು ನಮ್ಮ ಅಡ್ಡೆಗೆ ಬಂದರು. ಆಸ್ಪತ್ರೆಗೆ ಬೆಂಚು ಮಾಡಿಸಲು ಹಲಸಿನ ಹಲಗೆ ಬೇಕಿತ್ತಂತೆ. ಎಳೆಯ ಪ್ರಾಯ, ದಪ್ಪ ಕನ್ನಡಕ, ಕಂಡದ್ದನ್ನೆಲ್ಲ ಕೊಯ್ದು ನೋಡುವ ಆಸೆ. ಜನ ಅವರನ್ನು ಚೂರಿ ಡಾಕ್ಟರು ಎನ್ನುತ್ತಿದ್ದರು, ಪ್ರೀತಿಯಿಂದ ಮತ್ತು ದೂರದಿಂದ. ನಾನು ಮೈಯೆಲ್ಲ ಹುಡಿ ಮಾಡಿಕೊಂಡು ದಿಮ್ಮಿಯ ಅಡಿಯಿಂದ ಹೊರಗೆ ಬಂದೆ. ಡಾಕ್ಟರು ಕೈಯೆತ್ತಿದರು.

"ಏ ಹುಡುಗಾ, ಅಲ್ಲೇ ನಿಲ್ಲು. ಹಂದಬೇಡ."

"ಎಂತ ಡಾಕ್ಟ್ರೆ, ಹಾವು ಉಂಟಾ?"

"ಹಾವಲ್ಲ ಮಾರಾಯಾ, ಹೊಟ್ಟೆ! ನಾನು ಕಾಲೇಜಿನಲ್ಲಿ ಪುಸ್ತಕದಲ್ಲಿ ನೋಡಿದ್ದು ಇಲ್ಲಿ ಎದ್ದು ಬಂದು ನಿಂತಿದೆ!"

ವಿಷಯ ಇಷ್ಟು. ಡಾಕ್ಟರು ಆದಿತ್ಯವಾರ ಊರೂರಿಗೆ ಹೋಗಿ ಈ ಕರುಳು ಇಳಿಯುವ ಕಾಯಿಲೆಯ, ಅಂದರೆ ಹರ್ನಿಯಾದ, ಬಗ್ಗೆ ಭಾಷಣ ಮಾಡುತ್ತಿದ್ದರು. ಹೊಟ್ಟೆಯ ಗೋಡೆ ಹೇಗಿದೆ, ಎಲ್ಲಿ ಸಡಿಲ, ಕರುಳು ಎಲ್ಲಿಂದ ನುಗ್ಗುತ್ತದೆ ಎಂದು ತೋರಿಸಲು ಮದ್ರಾಸಿನಿಂದ ಬಣ್ಣದ ಪಟ ತರಿಸಿದ್ದರು. ಅದನ್ನು ಗೆದ್ದಲು ತಿಂದಿತು. ಹೊಕ್ಕುಳಿನಿಂದ ಶುರು ಮಾಡಿ ಸುತ್ತಲೂ ಕ್ರಮವಾಗಿ ತಿಂದಿತ್ತಂತೆ. ಪಾಠ ಕಲಿತ ಗೆದ್ದಲು.

"ಬೆಳ್ಯಪ್ಪಾ, ಮಗನನ್ನು ಆದಿತ್ಯವಾರಕ್ಕೆ ನನಗೆ ಕೊಡ್ತೀರಾ? ಆಸ್ಪತ್ರೆಯದ್ದೊಂದು ಕೆಲಸ ಉಂಟು."

"ಎಂತ ಕೆಲಸ ಡಾಕ್ಟ್ರೆ?"

"ಜನರ ಎದುರು ಸುಮ್ಮನೆ ನಿಲ್ಲುದು."

"ನಿಲ್ಲುದಾ?" ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದ್ರೆ ಕೊಂಡುಹೋಗಿ. ಕೆಲಸ ಮಾಡು ಅಂದಾಗ ಸುಮ್ಮನೆ ನಿಲ್ಲುದರಲ್ಲಿ ಇವನನ್ನು ಮೀರಿಸಿದವರಿಲ್ಲ."

ಡಾಕ್ಟರು ನಕ್ಕರು. ಆಮೇಲೆ ಅವರ ಕನ್ನಡಕ ಅಪ್ಪನ ಬೈರಾಸಿನ ಮೇಲೆ ಬಂದು ನಿಂತಿತು.

"ಅಲ್ಲಿ ಎಂತ ಉಬ್ಬಿದ್ದು?"

"ಎಲೆಯಡಿಕೆ," ಎಂದರು ಅಪ್ಪ.

"ನನಗೊಂದು ಎಲೆ ಕೊಡಿ ಹಾಗಾದ್ರೆ."

"ಖಾಲಿಯಾಗಿದೆ."

ಖಾಲಿ ಚೀಲ ಅಷ್ಟು ಉಬ್ಬುವುದನ್ನು ಡಾಕ್ಟರು ಮೊದಲ ಬಾರಿ ನೋಡಿದರು.

ನನ್ನ ಮೊದಲ ಪ್ರದರ್ಶನ ಕುಂಬ್ರದಲ್ಲಿ, ಒಂದು ಅಡಿಕೆ ಗೋದಾಮಿನಲ್ಲಿ. ಜೊತೆಗೆ ಆಸ್ಪತ್ರೆಯ ನರ್ಸು ಲೂಸಿ ಬಾಯಮ್ಮ. ಮೇಲಧಿಕಾರಿಗಳ ಬಗ್ಗೆ ಕಿರಿಯರು ತಿಳಿಯಬೇಕಾದ ಮಾತು: ಡಾಕ್ಟರು ನಿಮ್ಮ ಹೊಟ್ಟೆಯನ್ನು ಹೊಗಳುತ್ತಾರೆ, ಆದರೆ ಅದನ್ನು ತೊಳೆಯುವವರು ನರ್ಸು. ಆದ್ದರಿಂದ ಯಾರ ಮಾತು ಕೇಳಬೇಕೆಂದು ನೀವೇ ನಿರ್ಧರಿಸಿ.

"ಬೆಳಗ್ಗೆ ಏನೂ ತಿನ್ನಬೇಡ," ಎಂದು ಬಾಯಮ್ಮ ಹೇಳಿದ್ದರು. ನಾನು ಕೇಳಲಿಲ್ಲ. ಗೋದಾಮಿನ ಯಜಮಾನರು ಡಾಕ್ಟರ ಕಡೆಯವನೆಂದು ನನ್ನನ್ನು ಕೂರಿಸಿ ಗೋಳಿಬಜೆ ಬಡಿಸಿದರು. ಸಾಕು ಎನ್ನುವುದು ಅಮರ್ಯಾದೆ ಎಂದು ನಾನು ತಿಳಿದಿದ್ದೆ. ಬಾಣಲೆ ಸೋಲುವವರೆಗೆ ಮರ್ಯಾದೆ ತೋರಿಸಿದೆ. ಮೇಜಿನ ಮೇಲೆ ಹತ್ತಿ ಅಂಗಿ ತೆಗೆದಾಗ ಡಾಕ್ಟರ ಮುಖ ನೋಡಬೇಕಿತ್ತು. ಪುಸ್ತಕದ ಚಿತ್ರ ಹೋಗಿ ಅಲ್ಲಿ ಕುಂಬಳಕಾಯಿ ಕುಳಿತಿತ್ತು.

"ಸ್ನಾಯು ಎಲ್ಲಿ ಹೋಯ್ತು ಮಾರಾಯಾ?"

"ಒಳಗೆ ಉಂಟು ಡಾಕ್ಟ್ರೆ. ಮೇಲೆ ಗೋಳಿಬಜೆ ಉಂಟು."

ಆದರೂ ಅವರು ಕುಂಚ ಎತ್ತಿದರು. ಗಾಯಕ್ಕೆ ಹಚ್ಚುವ ನೇರಳೆ ಮದ್ದು, ಕೆಂಪು ಮದ್ದು, ಬಟ್ಟೆಯ ನೀಲಿ, ಇವೇ ನಮ್ಮ ಬಣ್ಣಗಳು. ಹೊಕ್ಕುಳಿನ ಎರಡು ಬದಿಗೂ ಎದೆಯಿಂದ ಕೆಳಗಿನ ತನಕ ನೇರ ಇಳಿಯುವ ಪಟ್ಟಿ ಕೆಂಪು: ಅದು ನೆಟ್ಟಗಿನ ಸ್ನಾಯು, ಬಗ್ಗುವಾಗ ಮೈಯನ್ನು ಮಡಚುವುದು ಅದೇ. ನಡುವೆ ನೇರಳೆ ಗೆರೆ, ಎರಡು ಬದಿಯ ಹೊಲಿಗೆ ಕೂಡುವ ಜಾಗ. ಪಕ್ಕೆಯಿಂದ ಓರೆಯಾಗಿ ಇಳಿಯುವುದು ನೀಲಿ. ಪಾಠ ಚೆನ್ನಾಗಿತ್ತು, ಆದರೆ ಕುಂಚ ಪಕ್ಕೆಗೆ ಬಂದಾಗ ನನಗೆ ಕಚಗುಳಿ. ನಾನು ಹಿ ಎಂದರೆ ಕೆಂಪು ಪಟ್ಟಿ ಹಾರುತ್ತಿತ್ತು, ಹಿಹಿ ಎಂದರೆ ನೀಲಿಯೂ ಹಾರುತ್ತಿತ್ತು. ಹಿಂದೆ ಕುಳಿತವರು ಡಾಕ್ಟರು ನನಗೆ ಕರೆಂಟು ಕೊಡುತ್ತಿದ್ದಾರೆ ಎಂದು ತಿಳಿದು ಬಾಗಿಲ ಬಳಿ ಸರಿದರು. ಮುಂದೆ ಕುಳಿತಿದ್ದ ಅಜ್ಜಿಯೊಬ್ಬರು ಮಾತ್ರ ಯಕ್ಷಗಾನಕ್ಕೆ ಬಂದವರ ಹಾಗೆ ಸಮಾಧಾನದಿಂದ ಕೇಳಿದರು:

"ಇದು ಯಾವ ಮೇಳದ ವೇಷ ಮಗಾ? ಪದ ಯಾವಾಗ ಶುರು?"

ನೇರಳೆ ಮದ್ದು ಹೋಗುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಬಾಯಮ್ಮ ತೆಂಗಿನೆಣ್ಣೆ ಹಚ್ಚಿ, ನಾರು ಹಿಡಿದು, ಕಂಚಿನ ಪಾತ್ರೆ ತಿಕ್ಕಿದ ಹಾಗೆ ತಿಕ್ಕಿದರು. ಚರ್ಮ ಬರುತ್ತಿತ್ತು, ಬಣ್ಣ ಬರುತ್ತಿರಲಿಲ್ಲ. ಮರುದಿನ ಬನಿಯನ್ನು ಹಾಕಿಕೊಂಡೇ ಗರಗಸ ಹಿಡಿದೆ. ನಾನು ಅಂಗಿ ಬಿಚ್ಚಿ ಹೊಟ್ಟೆ ತೋರಿಸಿಕೊಂಡು ಊರ ಎದುರು ನಿಲ್ಲುವುದು ಅಪ್ಪನಿಗೆ ಗೊತ್ತಿರಲಿಲ್ಲ. ಗೊತ್ತಾಗುವುದೂ ನನಗೆ ಬೇಕಿರಲಿಲ್ಲ.

"ಈ ಸೆಕೆಗೆ ಬನಿಯನ್ನು ಎಂತಕ್ಕೆ?" ಎಂದು ಮೇಲಿನಿಂದ ಕೇಳಿದರು.

"ಆಸ್ಪತ್ರೆಯವರು ಅಂಗಿ ಬಿಚ್ಚಿಕೊಂಡು ತಿರುಗಬಾರ್ದು ಅಪ್ಪ. ಮರ್ಯಾದೆ ಅಲ್ಲ."

ಅಪ್ಪ ಖುಷಿಯಿಂದ ಗರಗಸ ಎಳೆದರು. ಮಗ ದೊಡ್ಡ ಮನುಷ್ಯನಾಗುತ್ತಿದ್ದಾನೆ ಎಂದು ಅವರಿಗೆ ಅನ್ನಿಸಿರಬೇಕು.

ಕಲ್ಲುಗುಂಡಿಯಲ್ಲಿ ಬೇರೆ ಕಥೆಯಾಯಿತು. ಅಲ್ಲಿ ಬಿಸಿಲು; ನಾನು ಬೆವರಿದೆ. ನೀಲಿ ಓರೆ ಸ್ನಾಯು ನಿಧಾನವಾಗಿ ಇಳಿದು ಕೆಂಪು ನೆಟ್ಟಗಿನ ಸ್ನಾಯುವಿನೊಳಗೆ ಹೋಯಿತು, ಎರಡೂ ಕೂಡಿ ಪಂಚೆಯೊಳಗೆ ಇಳಿದವು. "ಡಾಕ್ಟ್ರೆ, ಹುಡುಗನ ಸ್ನಾಯು ಕರಗ್ತಾ ಉಂಟು!" ಎಂದು ಯಾರೋ ಕೂಗಿದರು. ನಾನು ಮೀಸೆ ತಿರುವುವ ಹಾಗೆ ಮಾಡಿ, "ಹೆದರಬೇಡಿ, ಮನೆಯಲ್ಲಿ ಇನ್ನೂ ಉಂಟು," ಎಂದೆ. ಜನ ಬಿದ್ದು ಬಿದ್ದು ನಕ್ಕರು. ಭಾಷಣಕ್ಕಿಂತ ನಗು ಚೆನ್ನಾಗಿ ನಾಟುತ್ತದೆ ಎಂದು ನನಗೆ ಆ ದಿನ ಗೊತ್ತಾಯಿತು.

ಅದೇ ದಿನ ಇನ್ನೊಂದೂ ಗೊತ್ತಾಯಿತು. ನಾವು ಗಂಟು ಕಟ್ಟುವಾಗ ನಾಲ್ವರು ಒಂದು ಕುರ್ಚಿಯನ್ನು ಹೊತ್ತುಕೊಂಡು ಓಡಿಬಂದರು. ಕುರ್ಚಿಯಲ್ಲಿ ಅಪ್ಪನ ಪ್ರಾಯದ ಒಬ್ಬರು ಮುದುಡಿ ಕುಳಿತಿದ್ದರು. ಬೆಳಿಗ್ಗೆ ಹೊರೆ ಎತ್ತುವಾಗ ಉಂಡೆ ಹೊರಗೆ ಬಂದದ್ದು ಒಳಗೆ ಹೋಗಲಿಲ್ಲವಂತೆ. ಬಾಯಮ್ಮ ಅವರ ಬಟ್ಟೆ ಸಡಿಲಿಸಿದರು. ಒಳಗಿನಿಂದ ಟಕ್ಕೆಂದು ನೆಲಕ್ಕೆ ಬಿದ್ದದ್ದು ಗೆರಟೆ. ಅಂಚನ್ನು ಚೆನ್ನಾಗಿ ಉಜ್ಜಿದ್ದರು.

ಡಾಕ್ಟರು ಅವರನ್ನು ಒಂದು ಲಾರಿ ಹಿಡಿದು ಪುತ್ತೂರಿಗೆ ಕೊಂಡುಹೋದರು. ಹಿಂದೆ ಕುಳಿತಿದ್ದ ನನಗೆ ಬಾಯಮ್ಮ ದಾರಿಯುದ್ದಕ್ಕೂ ಗದರುತ್ತಲೇ ಹೇಳಿದರು: ಆ ಸಂದಿನಲ್ಲಿ ಕರುಳು ಸಿಕ್ಕಿಕೊಂಡರೆ ಅದಕ್ಕೆ ರಕ್ತ ಹೋಗುವುದಿಲ್ಲ, ರಕ್ತ ಹೋಗದಿದ್ದರೆ ಕಪ್ಪಾಗುತ್ತದೆ, ಕಪ್ಪಾದ ಮೇಲೆ ದೇವರೂ ಡಾಕ್ಟರೂ ಒಂದೇ, ಇಬ್ಬರೂ ಸುಮ್ಮನೆ ನೋಡುತ್ತಾರೆ. "ಇವರು ಇವತ್ತು ಉಳಿತಾರೆ. ಲಾರಿ ಸಿಗದಿದ್ರೆ ಇಲ್ಲ."

ಅವರು ಉಳಿದರು. ನಾನು ಮಾತ್ರ ಗೆರಟೆಯನ್ನು ಮರೆಯಲಿಲ್ಲ. ಮರುದಿನ ದಿಮ್ಮಿಯ ಅಡಿಯಿಂದಲೇ ಶುರು ಮಾಡಿದೆ.

"ಅಪ್ಪ, ಕಲ್ಲುಗುಂಡಿಯಲ್ಲಿ ಒಬ್ಬರಿಗೆ ಕರುಳು ಇಳಿದು ಸಿಕ್ಕಿಕೊಂಡಿತ್ತು. ಡಾಕ್ಟರು ಕೊಯ್ದು ಸರಿ ಮಾಡಿದ್ರು."

ಗರಗಸ ನಿಂತಿತು.

"ಅಡ್ಡ ಕೊಯ್ದ ಹಲಗೆ ಮೇಲೆ ನೀನು ನಿಲ್ತೀಯಾ?"

"ಇಲ್ಲ."

"ಎಂತಕ್ಕೆ?"

"ನಾರು ತುಂಡಾಗಿರ್ತದೆ. ಭಾರ ಹಾಕಿದ್ರೆ ಮುರಿತದೆ."

"ಹೊಟ್ಟೆಯೂ ಹಾಗೆ. ಕೊಯ್ದ ಮೇಲೆ ಅದು ಬರೀ ಚರ್ಮ. ಹೊಟ್ಟೆ ಕೊಯ್ಸಿಕೊಂಡವ ಗರಗಸ ಹಿಡಿದದ್ದು ನೀನು ಎಲ್ಲಿಯಾದ್ರೂ ನೋಡಿದ್ದುಂಟಾ? ಮಾತು ಸಾಕು. ಎಳಿ."

ಎಳೆದೆ. ಹುಡಿ ಬಾಯಿಗೆ ಬಿತ್ತು. ಜಗತ್ತಿನಲ್ಲಿ ಯಾರ ಜೊತೆ ಬೇಕಾದರೂ ವಾದ ಮಾಡಬಹುದು, ಗರಗಸದ ಮೇಲಿನ ತುದಿ ಹಿಡಿದವರ ಜೊತೆ ಆಗುವುದಿಲ್ಲ.

ಆಮೇಲೆ ನಮ್ಮ ಕೆಲಸದ ಕ್ರಮವೇ ಬದಲಾಯಿತು, ಬದಲಿಸಿದವನು ನಾನು. ಬಣ್ಣದಿಂದ ಒಂದು ತೊಂದರೆ ಇತ್ತು: ಹೊಟ್ಟೆಯ ಬದಿಯಲ್ಲಿ ಒಂದರ ಅಡಿಗೆ ಒಂದು ಮೂರು ಪದರ ಇವೆ, ಬಣ್ಣದಲ್ಲಿ ಮೇಲಿನದು ಮಾತ್ರ ಕಾಣುತ್ತದೆ. ಒಳಗಿನದನ್ನು ತೋರಿಸಲು ಡಾಕ್ಟರು ನನ್ನನ್ನು ಕೊಯ್ಯುವಂತಿರಲಿಲ್ಲ, ಆಸೆ ಎಷ್ಟಿದ್ದರೂ. ನಾನು ಮೂರು ಪಟ್ಟೆ ಪಟ್ಟೆ ಬೈರಾಸು ತಂದೆ. ಒಂದನ್ನು ಪಟ್ಟೆ ಅಡ್ಡ ಬರುವ ಹಾಗೆ ಸುತ್ತಿದೆ: ಎಲ್ಲಕ್ಕಿಂತ ಒಳಗಿನ ಅಡ್ಡ ಸ್ನಾಯು. ಅದರ ಮೇಲೊಂದು, ಪಟ್ಟೆ ಸೊಂಟದ ಬದಿಯಿಂದ ನಡುವಿನ ಗೆರೆಗೆ ಓರೆಯಾಗಿ ಏರುವ ಹಾಗೆ: ಒಳ ಓರೆ. ಅದರ ಮೇಲೊಂದು, ಪಟ್ಟೆ ಓರೆಯಾಗಿ ಇಳಿಯುವ ಹಾಗೆ, ಕಿಸೆಗೆ ಕೈ ಹಾಕಿದಾಗ ಬೆರಳು ತೋರಿಸುವ ದಿಕ್ಕಿಗೆ: ಹೊರ ಓರೆ. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿದರು.

"ನಾರಿನ ಮೇಲೆ ನಾರು ಅಡ್ಡಹಾಯ್ದು ಕೂತದ್ದರಿಂದಲೇ ಹೊಟ್ಟೆ ಹರಿಯುದಿಲ್ಲ ಅಂತ ನಾನು ಅರ್ಧ ಗಂಟೆ ಹೇಳ್ತಿದ್ದೆ," ಎಂದರು. "ನೀನು ಬೈರಾಸಿನಲ್ಲಿ ಮುಗಿಸಿದೆಯಲ್ಲ ಮಾರಾಯಾ!"

ಇನ್ನೊಂದು ಸಾಮಾನು ಪಡವಲಕಾಯಿ. ತೊಡೆಯ ಸಂದಿನ ಮೇಲೆ, ಗಂಡಸರಿಗೆ ಬೀಜದ ಹುರಿ ಹೊಟ್ಟೆಯಿಂದ ಹೊರಗೆ ಇಳಿಯುವ ದಾರಿ ಇದೆ. ಗೋಡೆಯಲ್ಲಿ ದೇವರು ಬಿಟ್ಟ ಕಿಂಡಿ. ಅಲ್ಲಿ ಬೈರಾಸುಗಳನ್ನು ಸ್ವಲ್ಪ ಸಡಿಲ ಬಿಟ್ಟು, ಒಳಗೆ ಎಳೆ ಪಡವಲಕಾಯಿಯೊಂದನ್ನು ಬಗ್ಗಿಸಿ ಇಡುತ್ತಿದ್ದೆ. ಡಾಕ್ಟರು "ಭಾರ ಎತ್ತು" ಎನ್ನುತ್ತಿದ್ದರು. ನಾನು ಬೆಂಚು ಎತ್ತುವ ಹಾಗೆ ಮಾಡಿ, ಕಣ್ಣು ಹೊರಗೆ ಬರುವ ಹಾಗೆ ತಿಣುಕಿ, ಕೆಮ್ಮುತ್ತಿದ್ದೆ. ಪಡವಲಕಾಯಿ ಮೂತಿ ಹೊರಗೆ ಹಾಕುತ್ತಿತ್ತು. ಸಭೆ ಎದ್ದು ಕುಣಿಯುತ್ತಿತ್ತು. ನೆಟ್ಟಣದಲ್ಲಿ ನಕ್ಕ ರಭಸಕ್ಕೆ ಒಂದು ಬೆಂಚು ಮುರಿಯಿತು, ಅದು ನಮ್ಮ ಅಡ್ಡೆಯ ಹಲಗೆಯಲ್ಲ ಎಂದು ನಾನು ಪ್ರಮಾಣ ಮಾಡಬಲ್ಲೆ.

ಆಗ ಬಾಯಮ್ಮ ನನ್ನ ಕಿವಿಯಲ್ಲಿ ಹೇಳಿದರು: "ನಗುವವರನ್ನು ಎಂತ ನೋಡುದು? ನಗದವರನ್ನು ನೋಡು."

ನೋಡಿದೆ. ಇಡೀ ಸಭೆ ನಗುವಾಗ ಅಲ್ಲೊಬ್ಬ ಇಲ್ಲೊಬ್ಬ ನಗುತ್ತಿರಲಿಲ್ಲ. ಕೈ ಮೆಲ್ಲನೆ ಸೊಂಟಕ್ಕೆ ಹೋಗಿರುತ್ತಿತ್ತು. ಅವರೇ ನಮ್ಮ ರೋಗಿಗಳು. ಸಭೆ ಮುಗಿದ ಮೇಲೆ ಬಾಯಮ್ಮ ಅವರ ಪಕ್ಕದಲ್ಲಿ ನಿಂತು ಮಳೆ, ಬೆಳೆ ಮಾತಾಡುತ್ತಿದ್ದರು. ಕೆಲವರು ಆಸ್ಪತ್ರೆಗೆ ಬಂದರು. ಹಲವರು ಬರಲಿಲ್ಲ. ಕಿರಿಯರೇ, ಈ ಕೆಲಸದಲ್ಲಿ ಕಲಿಯಲು ಇರುವುದು ಇದೊಂದೇ: ನಗಿಸಿ, ಆದರೆ ಕಣ್ಣು ನಗದವನ ಮೇಲಿರಲಿ.

ಈಗ ಸುಳ್ಯ. ಸಂತೆಯ ದಿನ, ಶಾಲೆಯ ದೊಡ್ಡ ಕೋಣೆ, ಕಿಟಕಿಯಲ್ಲೂ ಜನ. ಅಪ್ಪ ಕಡಬದಲ್ಲಿ ದಿಮ್ಮಿಯ ಹತ್ತಿರ ಇದ್ದಾರೆ ಎಂಬ ಧೈರ್ಯ ನನಗೆ. ಹೊಸ ಆಟವೊಂದನ್ನು ಕಟ್ಟಿಕೊಂಡು ಬಂದಿದ್ದೆ. ಡಾಕ್ಟರಿಗೂ ಹೇಳಿರಲಿಲ್ಲ. ಮೂರು ಬೈರಾಸಿನ ಮೇಲೆ ಇನ್ನೊಂದು ಬಿಗಿದು, ಅದರೊಳಗೆ ಗೆರಟೆ ಇಟ್ಟುಕೊಂಡು, ಎದೆ ಸೆಟೆಸಿ ನಡೆದೆ.

"ಎಂತಣ್ಣ ಅದು ಸೊಂಟದಲ್ಲಿ?" ಎಂದು ನಾನೇ ಕೇಳಿದೆ.

"ಎಲೆಯಡಿಕೆ!" ಎಂದು ದಪ್ಪ ಸ್ವರದಲ್ಲಿ ನಾನೇ ಹೇಳಿದೆ.

"ನನಗೊಂದು ಎಲೆ ಕೊಡಿಯಣ್ಣ."

"ಖಾಲಿಯಾಗಿದೆ!" ಎಂದು ಹೇಳಿ ಕೆಮ್ಮಿದೆ. ಗೆರಟೆ ಹಾರಿ ಡಾಕ್ಟರ ಕಾಲ ಬಳಿ ಬಿತ್ತು. ಹಿಂದೆಯೇ ಪಡವಲಕಾಯಿ ಬಂತು.

ಕೋಣೆಯ ಹಂಚು ಹಾರಲಿಲ್ಲ ಎಂದರೆ ಅದು ಹಂಚಿನ ಗಟ್ಟಿತನ. ಜನ ಒಬ್ಬರ ಬೆನ್ನಿಗೊಬ್ಬರು ಹೊಡೆದುಕೊಂಡು ನಕ್ಕರು. ಡಾಕ್ಟರು ಮಾತ್ರ ಗೆರಟೆಯನ್ನು ಹೆಕ್ಕಿ, ಅದನ್ನೊಮ್ಮೆ ನನ್ನನ್ನೊಮ್ಮೆ ನೋಡಿದರು. ನಾನು ಅಭ್ಯಾಸದಂತೆ ನಗದವರನ್ನು ಹುಡುಕಿದೆ. ಬಾಗಿಲಲ್ಲಿ ಒಬ್ಬರು ನಗದೆ ನಿಂತಿದ್ದರು. ಕೈಯಲ್ಲಿ ಕಾಗದ ಸುತ್ತಿದ ಹೊಸ ಅರ. ಗರಗಸದ ಹಲ್ಲು ಹರಿತ ಮಾಡಲು ಅರ ಕೊಳ್ಳಲೆಂದು ಅಪ್ಪ ಸಂತೆಗೆ ಬಂದಿದ್ದರು. ಮಗನ ಸ್ವರ ಬೀದಿಯವರೆಗೆ ಕೇಳಿಸಿದೆ.

ನನ್ನ ಹೊಟ್ಟೆಯಲ್ಲಿ ಮೂರು ಪದರ ಇದೆ ಎಂದು ಜನರಿಗೆ ಅಷ್ಟು ದಿನ ಹೇಳುತ್ತಿದ್ದೆ. ಆ ಕ್ಷಣದಲ್ಲಿ ಒಂದೂ ಇದ್ದ ಹಾಗೆ ಅನ್ನಿಸಲಿಲ್ಲ.

ಅಪ್ಪ ಜನರ ನಡುವೆ ದಾರಿ ಮಾಡಿಕೊಂಡು ಬಂದರು. ನಗು ಒಂದೊಂದೇ ಸಾಲಾಗಿ ನಿಂತಿತು. ಮೇಜಿನ ಎದುರು ನಿಂತು ಡಾಕ್ಟರ ಕೈಯಿಂದ ಗೆರಟೆಯನ್ನು ತೆಗೆದುಕೊಂಡು, ಅಂಚನ್ನು ಹೆಬ್ಬೆರಳಿನಲ್ಲಿ ಸವರಿದರು.

"ಉಜ್ಜಿದ್ದು ಸಾಕಾಗ್ಲಿಲ್ಲ," ಎಂದರು. "ಮತ್ತೆ, ನೀನು ಎಡಕ್ಕೆ ಕಟ್ಟಿದ್ದಿ. ಎಡದಲ್ಲಿ ಅಲ್ಲ, ಬಲದಲ್ಲಿ."

ಎಡಕ್ಕೆ ಕಟ್ಟಿದ್ದು ಬೇಕೆಂದೇ. ನೋಡಿದವರಿಗೆ ಅಪ್ಪನ ಗುರುತು ಹತ್ತಬಾರದಲ್ಲ. ನಾನು ಮುಚ್ಚಿಟ್ಟದ್ದನ್ನು ಅವರೇ ಸುಳ್ಯದ ಸಂತೆಯ ಎದುರು ಬಿಚ್ಚಿದರು. ಬೈರಾಸಿನೊಳಗೆ ಕೈ ಹಾಕಿ ತಮ್ಮ ಗೆರಟೆಯನ್ನು ತೆಗೆದು ನನ್ನದರ ಪಕ್ಕದಲ್ಲಿ ಮೇಜಿನ ಮೇಲಿಟ್ಟರು. ವರ್ಷಗಟ್ಟಲೆ ಮೈಗೆ ಉಜ್ಜಿ ಉಜ್ಜಿ ಅದು ಹೊಳೆಯುತ್ತಿತ್ತು.

ಆಮೇಲೆ ಅವರ ಕಣ್ಣು ನನ್ನ ಸೊಂಟದ ಪಟ್ಟೆಗಳ ಮೇಲೆ ಹೋಯಿತು. ಇಳಿಯುವ ಪಟ್ಟೆ, ಅದರಡಿಯಲ್ಲಿ ಏರುವ ಪಟ್ಟೆ, ಅದರಡಿಯಲ್ಲಿ ಅಡ್ಡ ಪಟ್ಟೆ. ಒಂದೊಂದನ್ನೂ ಎತ್ತಿ ನೋಡಿದರು, ದಿಮ್ಮಿಯ ತುದಿ ನೋಡುವ ಹಾಗೆ.

"ಡಾಕ್ಟ್ರೆ, ಒಳಗೆ ನಾರು ನಿಜವಾಗಿ ಹೀಗೇ ಹೋಗ್ತದಾ?"

"ಹೀಗೇ ಬೆಳ್ಯಪ್ಪ."

"ನೀವು ಚೂರಿ ಹಾಕುದು ನಾರಿಗೆ ಅಡ್ಡವೋ, ಉದ್ದಕ್ಕೋ?"

ಇಷ್ಟು ಊರು ತಿರುಗಿ ಇಷ್ಟು ಭಾಷಣ ಮಾಡಿದರೂ ಇದನ್ನು ಯಾರೂ ಕೇಳಿರಲಿಲ್ಲ, ನಾವೂ ಹೇಳಿರಲಿಲ್ಲ. ಡಾಕ್ಟರು ಮೇಲಿನ ಬೈರಾಸನ್ನು ಹಿಡಿದು, ಪಟ್ಟೆ ಹೋದ ದಿಕ್ಕಿಗೇ ಬೆರಳು ಎಳೆದರು.

"ಉದ್ದಕ್ಕೆ. ನಾರು ಹೋದ ಹಾದಿಯಲ್ಲೇ ಸೀಳುದು. ಕರುಳನ್ನು ಒಳಗೆ ಇಟ್ಟು, ಕಿಂಡಿಗೆ ಒಳಗಿನ ಪದರವನ್ನು ಎಳೆದು ಹೊಲಿದು, ಮೇಲೆ ಇದನ್ನು ಮತ್ತೆ ಕೂಡಿಸುದು. ನಾರು ತುಂಡು ಮಾಡುದಿಲ್ಲ."

"ಸೀಳಿದ್ದಾದ್ರೆ ಭಾರ ತಡಿತದೆ," ಎಂದರು ಅಪ್ಪ, ಡಾಕ್ಟರಿಗಲ್ಲ, ಕಿಟಕಿಯಲ್ಲಿದ್ದ ಜನರಿಗೆ. "ನಾನು ಅಡ್ಡ ಕೊಯ್ತಾರೆ ಅಂತ ಗ್ರಹಿಸಿದ್ದೆ." ಮತ್ತೆ ನನ್ನ ಕಡೆ ತಿರುಗಿದರು. "ಈ ಒಂದು ಮಾತು ಹೇಳ್ಲಿಕ್ಕೆ ನಿನಗೆ ಬಾಯಿ ಇರ್ಲಿಲ್ವಾ? ಪಡವಲಕಾಯಿ ಕುಣಿಸ್ತಾ ಇದ್ದಿ!"

ಬೈದರೂ ನನಗೆ ಬೆಲ್ಲ ತಿಂದ ಹಾಗಾಯಿತು.

ಪುತ್ತೂರಿನ ಆಸ್ಪತ್ರೆಯಲ್ಲಿ ಆಪರೇಶನ್ನಿನ ದಿನ ಬಾಯಮ್ಮ ನನ್ನನ್ನು ಬಾಗಿಲಿನಿಂದ ಹೊರಗೆ ದೂಡಿದರು. "ಇವತ್ತು ನಿನ್ನ ಹೊಟ್ಟೆ ಬೇಡ. ಹೋಗು, ಗೋಳಿಬಜೆ ತಿನ್ನು." ನಾನು ತಿನ್ನಲಿಲ್ಲ. ಗೋಳಿಬಜೆ ಎದುರಿದ್ದೂ ನಾನು ತಿನ್ನದಿದ್ದ ದಿನ ಅದೊಂದೇ; ಬೇಕಾದರೆ ಹೋಟೆಲಿನವರನ್ನು ಕೇಳಿ. ಕೊನೆಗೆ ಡಾಕ್ಟರು ಹೊರಗೆ ಬಂದು ಮುಖದ ಬಟ್ಟೆ ಇಳಿಸಿದರು.

"ಕುಶಾಲಾ, ನಿನ್ನದು ಎಂತದೂ ಅಲ್ಲ. ನಿನ್ನ ಅಪ್ಪನ ಹೊಟ್ಟೆ ನೋಡ್ಬೇಕು! ಎಂಥ ನಾರು ಮಾರಾಯಾ, ಎಂಥ ನಾರು!"

ಅಪ್ಪ ಭಾರ ಎತ್ತಬಾರದೆಂದು ಡಾಕ್ಟರು ಹೇಳಿದ ತಿಂಗಳುಗಳಲ್ಲಿ ಗರಗಸದ ಮೇಲಿನ ತುದಿ ನನ್ನ ಕೈಗೆ ಬಂತು, ಕೆಳಗೆ ಮಾವನ ಮಗ. ಅಪ್ಪ ಕಲ್ಲಿನ ಮೇಲೆ ಕುಳಿತು ನಾನು ಹಿಡಿದ ಗೆರೆ ಡೊಂಕು ಎಂದು ಕಡಬಕ್ಕೆಲ್ಲ ಕೇಳುವ ಹಾಗೆ ಬಯ್ಯುತ್ತಿದ್ದರು. ಬಯ್ಯುವಾಗ ಕೆಮ್ಮು ಬರುತ್ತಿತ್ತು. ಕೆಮ್ಮಿದಾಗಲೆಲ್ಲ ನಾನು ಕದ್ದು ನೋಡುತ್ತಿದ್ದೆ. ಏನೂ ಹೊರಗೆ ಬರುತ್ತಿರಲಿಲ್ಲ.

ಇನ್ನು ಕೊನೆಯದು. ಕಡಬ, ನಮ್ಮದೇ ಊರು, ನನ್ನ ವೃತ್ತಿಜೀವನದ ಶಿಖರ. ನಾನು ಮೇಜಿನ ಮೇಲೆ ಅಂಗಿ ಬಿಚ್ಚಿ ನಿಂತಿದ್ದೆ. ಹೊಕ್ಕುಳಿನ ಸುತ್ತ ಡಾಕ್ಟರ ಕುಂಚ ಒಂದು ಸುತ್ತು ಬಂದಿತ್ತು. ಕೆಳಗೆ ದಿಮ್ಮಿ ಎತ್ತುವವರು, ಹೊರೆ ಹೊರುವವರು, ಅಪ್ಪನ ಜೊತೆಯವರೆಲ್ಲ ಸಾಲಾಗಿ ಕುಳಿತಿದ್ದರು. ಸೊಂಟಕ್ಕೆ ಬೈರಾಸು. ಎಲ್ಲರ ಎಲೆಯಡಿಕೆ ಚೀಲವೂ ಒಂದೇ ಜಾಗದಲ್ಲಿ ಉಬ್ಬಿತ್ತು.

ಬಾಗಿಲಿನಿಂದ ಅಪ್ಪ ಒಳಗೆ ಬಂದರು.

"ಇಳಿ," ಎಂದರು.

"ಈಗ ಶುರು ಆಯ್ತಷ್ಟೆ ಅಪ್ಪ. ಪಡವಲಕಾಯಿ ಇನ್ನೂ..."

"ಇಳಿ ಅಂದೆ."

ಇಳಿದೆ. ಅವರು ಅಂಗಿ ಬಿಚ್ಚಿ ನನ್ನ ಹೆಗಲಿಗೆ ಎಸೆದು, ಮೇಜು ಹತ್ತಿ, ಪಂಚೆಯನ್ನು ಬಲಗಡೆ ಬೆರಳಗಲ ಇಳಿಸಿದರು. ಅಲ್ಲಿ ಒಂದು ಗೆರೆ, ನಾರು ಹೋದ ಹಾದಿಯಲ್ಲೇ ಓರೆಯಾಗಿ, ದಿಮ್ಮಿಯ ಮೇಲೆ ನೂಲು ಎಳೆದು ಗೆರೆ ಹೊಡೆದ ಹಾಗೆ. ಗೆರಟೆ ಇಲ್ಲ, ಬೈರಾಸು ಇಲ್ಲ. ಎಲ್ಲರನ್ನೂ ಒಮ್ಮೆ ನೋಡಿ ಕೆಮ್ಮಿದರು. ಏನೂ ಬರಲಿಲ್ಲ. ಮತ್ತೆ ಕೆಮ್ಮಿದರು, ಕಿಟಕಿಯ ಕಾಗೆ ಹಾರಿಹೋಗುವ ಹಾಗೆ. ಏನೂ ಬರಲಿಲ್ಲ. ಈ ಸಲ ಯಾರೂ ನಗಲಿಲ್ಲ. ಇಡೀ ಸಾಲಿನಲ್ಲಿ ಒಬ್ಬನೂ ನಗಲಿಲ್ಲ.

"ಮತ್ತೆ ಮರ ಕೊಯ್ಲಿಕ್ಕೆ ಆಗ್ತದಾ ಬೆಳ್ಯಪ್ಪಣ್ಣ?" ಎಂದು ಒಬ್ಬರು ಕುಳಿತಲ್ಲಿಂದ ಕೇಳಿದರು.

"ಮೊನ್ನೆಯಿಂದ ಗರಗಸದ ಮೇಲಿನ ತುದಿಯಲ್ಲಿ ನಾನೇ. ನಂಬಿಕೆ ಇಲ್ಲದಿದ್ರೆ ಇವನ ಕಣ್ಣು ನೋಡು, ಹುಡಿ ಉಂಟಾ ಇಲ್ವಾ."

ಕೇಳಿದವರು ಎದ್ದು ಬಂದು ನನ್ನ ಕಣ್ಣನ್ನು ಬೆರಳಿನಿಂದ ಅಗಲಿಸಿ ನೋಡಿದರು. ಹುಡಿ ಇತ್ತು. ಅವರು ಬೈರಾಸಿನೊಳಗೆ ಕೈ ಹಾಕಿ, ಮೇಜಿನ ಮೇಲೆ ಒಂದು ಗೆರಟೆ ಇಟ್ಟರು. ಅವರ ಹಿಂದೆ ಇನ್ನೊಬ್ಬರು ಎದ್ದರು. ಅವರ ಹಿಂದೆ ಸಾಲಿಗೆ ಸಾಲೇ ಎದ್ದಿತು. ಗೆರಟೆಯ ಮೇಲೆ ಗೆರಟೆ ಟಕಟಕ ಬೀಳುತ್ತಿದ್ದವು. ಬಾಯಮ್ಮ ಮುಖ ತಿರುಗಿಸಿ ಸೆರಗಿನಲ್ಲಿ ಮೂಗು ಒರೆಸಿಕೊಂಡರು. ನೇರಳೆ ಬಣ್ಣ ಮೆತ್ತಿದ ಕುಂಚದ ತುದಿಯಿಂದಲೇ ಡಾಕ್ಟರು ಗೆರಟೆ ಎಣಿಸುತ್ತಿದ್ದರು, ನನ್ನ ಕಡೆ ಒಮ್ಮೆಯೂ ನೋಡಲಿಲ್ಲ.

"ಡಾಕ್ಟ್ರೆ," ಎಂದೆ, "ನನ್ನ ಓರೆ ಸ್ನಾಯು ಬಿಡಿಸ್ಲಿಕ್ಕೆ ಬಾಕಿ ಉಂಟು."

ಉತ್ತರ ಕೊಟ್ಟದ್ದು ಮೇಜಿನ ಮೇಲಿದ್ದವರು.

"ನೀನಿನ್ನು ಅಂಗಿ ಹಾಕು ಮಗಾ," ಎಂದರು. "ಆಸ್ಪತ್ರೆಯವರು ಬಿಚ್ಚಿಕೊಂಡು ತಿರುಗಬಾರ್ದು. ಮರ್ಯಾದೆ ಅಲ್ಲ."

ನನ್ನ ಅಂಗಿ ಎಲ್ಲಿತ್ತೋ, ಹೆಗಲ ಮೇಲಿದ್ದ ಅವರದ್ದನ್ನೇ ಹಾಕಿಕೊಂಡೆ.